ಸಿದ್ಧಕಟ್ಟೆಯ ಫೋನಿನ ಕಿವಿ

೧೯೬೬ನೇ ಇಸವಿ ನವೆಂಬರ್ ೧೪, ಸೋಮವಾರ. ಬೆಳಿಗ್ಗೆ ೧೦.೨೦ಕ್ಕೆ ಸಿದ್ಧಕಟ್ಟೆಯ ಪೋಸ್ಟ್ ಮಾಸ್ಟರ್ ಶೀನಪ್ಪ ಬಂಟ್ವಾಳ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಟೆಲಿಫೋನ್ ರಿಸೀವರ್ ಇತ್ತು. ಐವತ್ತೆರಡು ವರ್ಷದಲ್ಲಿ ಅವರು ಠಾಣೆಗೆ ಕಾಲಿಟ್ಟದ್ದು ಇದೇ ಮೊದಲು. ಹಾಗಾಗಿ ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟು ಒಳಗೆ ಬಂದರು.

ಸಬ್ ಇನ್ಸ್‌ಪೆಕ್ಟರ್ ಕುಶಾಲಪ್ಪ ರಿಸೀವರಿನ ಮುಚ್ಚಳ ತಿರುಗಿಸಿ ತೆಗೆದರು. ಕಿವಿಗಿಡುವ ಕಡೆ ಇರಬೇಕಾದ ಅಯಸ್ಕಾಂತವೂ ತಂತಿಯ ಸುರುಳಿಯೂ ಇರಲಿಲ್ಲ. ಬದಲಿಗೆ ಅಳತೆಗೆ ಸರಿಯಾಗಿ ದುಂಡಗೆ ಕೊರೆದ ಹಲಸಿನ ಮರದ ಬಿಲ್ಲೆಯೊಂದು ಕೂತಿತ್ತು. ಕದ್ದವನು ಅದಕ್ಕೆ ಪಾಲಿಶ್ ಬೇರೆ ಹಾಕಿದ್ದ.

"ಯಾವಾಗ ಗೊತ್ತಾಯಿತು?"

"ಶನಿವಾರ ಮಧ್ಯಾಹ್ನ ಫೋನಿನಲ್ಲಿ ಏನೂ ಕೇಳಲಿಲ್ಲ ಸಾರ್. ಲೈನ್ ಹೋಗಿದೆ ಅಂದುಕೊಂಡೆ. ಇವತ್ತು ಲೈನ್‌ಮನ್ ಬಂದು ಬಿಚ್ಚಿದ. ನಿಮ್ಮ ಮೇಲೆಯೇ ರಿಪೋರ್ಟ್ ಹೋಗ್ತದೆ ಅಂತ ಹೇಳಿದ."

"ಹೊರಗಿನವರು ಯಾರಾದರೂ ಮುಟ್ಟಿದ್ದಾರಾ?"

"ಇಲ್ಲ ಸಾರ್. ಪೋಸ್ಟ್ ಆಫೀಸ್ ನನ್ನ ಮನೆಯ ಜಗಲಿಯಲ್ಲೇ ಉಂಟು. ಯಾರು ಮಾತಾಡಿದರೂ ನಾನು ಪಕ್ಕದಲ್ಲಿರ್ತೇನೆ."

"ಹಾಗಾದರೆ ಒಳಗಿನವರು ನೀವೊಬ್ಬರೇ."

ಹೆಡ್ ಕಾನ್‌ಸ್ಟೇಬಲ್ ಮುಂಡಪ್ಪ ಎಫ್.ಐ.ಆರ್. ಬರೆದುಕೊಂಡರು: ಕಲಂ ೩೭೯, ಕಳವು. ಕುಶಾಲಪ್ಪ ದೂರುದಾರನನ್ನೇ ಠಾಣೆಯ ಜಗಲಿಯ ಬೆಂಚಿನ ಮೇಲೆ ಕೂರಿಸಿ, ತಾನು ಬರುವವರೆಗೆ ಕದಲಬಾರದೆಂದರು. ಆ ಬೆಂಚು ರಸ್ತೆಗೆ ಮುಖ ಮಾಡಿತ್ತು, ಸಿದ್ಧಕಟ್ಟೆಯ ಬಸ್ಸು ಅದರ ಎದುರಿಗೇ ನಿಲ್ಲುತ್ತಿತ್ತು. ಊರಿನವರು ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡಿದರು. ಶೀನಪ್ಪ ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ನೌಕರಿ ಹೋಗುವುದು ಆಮೇಲಿನ ಮಾತು, ಮಾನ ಆಗಲೇ ಹೋಗಿತ್ತು.

ಮಧ್ಯಾಹ್ನ ೧೨.೪೫ಕ್ಕೆ ಕುಶಾಲಪ್ಪ ಮತ್ತು ಮುಂಡಪ್ಪ ಸಿದ್ಧಕಟ್ಟೆಯಲ್ಲಿ ಸ್ಥಳ ಪಂಚನಾಮೆ ಮಾಡಿದರು. ಫೋನ್ ಪುಸ್ತಕದ ಕೊನೆಯ ದಾಖಲೆ ಶನಿವಾರದ್ದು: ೩.೧೦, ಉಮ್ಮರ್, ಸಂಪರ್ಕ ಸಿಗಲಿಲ್ಲ. ಉಮ್ಮರ್‌ಗೆ ಪೇಟೆಯಲ್ಲಿ ಒಣಮೀನಿನ ಅಂಗಡಿ. ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದು ಅಂದೇ ಬೆಳಿಗ್ಗೆ ಮರಳಿದ್ದ.

"ಯಾರಿಗೆ ಫೋನ್ ಮಾಡಿದ್ದು?"

"ಕಾರಿಗೆ ಸ್ವಾಮಿ. ನನ್ನ ಹೆಂಡತಿ ಜುಲೈಕಾಗೆ ಹೆರಿಗೆ ನೋವು. ಸೂಲಗಿತ್ತಿ ನನ್ನಿಂದ ಆಗುವುದಿಲ್ಲ, ಮಂಗಳೂರಿಗೆ ಕೊಂಡುಹೋಗಿ ಅಂತ ಕೈಬಿಟ್ಟಳು. ಮುಂದಿನ ಬಸ್ಸು ಐದಕ್ಕೆ. ಫೋನಿನಲ್ಲಿ ಕೂಗಿದೆ, ಕೂಗಿದೆ. ಆ ಕಡೆ ಯಾರೂ ಇಲ್ಲ."

"ಆಮೇಲೆ?"

"ಎತ್ತಿನ ಗಾಡಿ ಹುಡುಕಲಿಕ್ಕೆ ಓಡಿದೆ. ಗಾಡಿ ಸಿಗಲಿಲ್ಲ. ವಾಪಸು ಬರುವಾಗ ಮನೆ ಎದುರು ಬಿ.ಸಿ.ರೋಡಿನ ಟ್ಯಾಕ್ಸಿ ಡ್ರೈವರ್ ಬಾವಾನ ಕಾರು ನಿಂತಿತ್ತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಎರಡು ಜೀವವೂ ಇರುತ್ತಿರಲಿಲ್ಲ ಅಂದರು ಡಾಕ್ಟರು."

"ಕಾರು ಕಳಿಸಿದ್ದು ಯಾರು?"

"ಅದೇ ಗೊತ್ತಿಲ್ಲ. ಬಾವಾ ಬಾಯಿ ಬಿಡುವುದಿಲ್ಲ. ಗೊತ್ತಾದರೆ ಮಗುವಿನ ನಲವತ್ತನೇ ದಿನದ ಸಮಾರಂಭಕ್ಕೆ ಅವರನ್ನು ಕರೆದು ನನ್ನ ಪಕ್ಕದಲ್ಲಿ ಕೂರಿಸಿ ಊಟ ಹಾಕ್ತೇನೆ."

ಕುಶಾಲಪ್ಪರಿಗೆ ಆಗ ಮುಖ್ಯವಾದ ಒಂದು ವಿಷಯ ಹೊಳೆಯಿತು. ಕಳವಾದದ್ದು ಕೇಳುವ ಕಡೆಯ ಯಂತ್ರ ಮಾತ್ರ, ಮಾತಾಡುವ ಕಡೆಯದು ಸರಿಯಾಗಿಯೇ ಇತ್ತು. ಉಮ್ಮರ್‌ಗೆ ಏನೂ ಕೇಳದಿದ್ದರೂ ಅವನ ಮಾತು ಕರೆ ಜೋಡಿಸಿಕೊಡುವ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೇಳಿರಬೇಕು.

ಬಾವಾ ಬಿ.ಸಿ.ರೋಡಿನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ. ಸಮಯ ೩.೩೦.

"ಶನಿವಾರ ಸಿದ್ಧಕಟ್ಟೆಗೆ ಹೋಗು ಅಂತ ಯಾರು ಹೇಳಿದ್ದು?"

"ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಸಾರ್."

"ಪೊಲೀಸಿನವನಾಗಿ ಕೇಳ್ತಾ ಇದ್ದೇನೆ."

ಬಾವಾ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. "ಒಳ್ಳೆಯ ಕೆಲಸ ಮಾಡಿದವರಿಗೆ ತೊಂದರೆ ಬರುವುದಿಲ್ಲವಲ್ಲ?"

"ಇಲ್ಲ."

"ಎಕ್ಸ್‌ಚೇಂಜಿನ ನಿತ್ಯಾನಂದರು. ಬಂಕಿಗೆ ಫೋನ್ ಮಾಡಿದರು. ಆಗ ಮೂರೂ ಮೂವತ್ತೈದು, ಪೆಟ್ರೋಲ್ ಚೀಟಿಯಲ್ಲಿ ಉಂಟು."

ಆ "ಇಲ್ಲ" ಸುಳ್ಳಾಗಬಹುದೆಂದು ಕುಶಾಲಪ್ಪರಿಗೆ ಹೇಳುವಾಗಲೇ ತಿಳಿದಿತ್ತು. ಹೊರಡುವಾಗ ಬಾವಾನ ಸಲಾಮಿಗೆ ಅವರು ಮುಖ ಕೊಟ್ಟು ಪ್ರತಿ ಸಲಾಮು ಮಾಡಲಿಲ್ಲ.

ಎಕ್ಸ್‌ಚೇಂಜಿನಲ್ಲಿ ದೋಷ ಬರೆಯುವ ಪುಸ್ತಕ ನೋಡಿದರು. ಕರೆ ಮಾಡುವವನಿಗೆ ಕೇಳಿಸುತ್ತಿಲ್ಲ ಎಂದು ಗೊತ್ತಾದ ಕ್ಷಣವೇ ಆಪರೇಟರ್ ಅದರಲ್ಲಿ ಬರೆದು ಲೈನ್‌ಮನ್‌ಗೆ ತಿಳಿಸಬೇಕು. ಶನಿವಾರದ ಹಾಳೆ ಖಾಲಿ. ಮಧ್ಯಾಹ್ನದ ಪಾಳಿ ನಿತ್ಯಾನಂದನದು. ಪರಿಚಯವಿಲ್ಲದ ಹೆಂಗಸಿಗಾಗಿ ಕಾರು ಕಳಿಸಿದವನು ಒಂದು ಸಾಲು ಬರೆಯಲು ಯಾಕೆ ಹಿಂದೆಗೆದ?

ಸಂಜೆ ಠಾಣೆಗೆ ಮರಳಿದಾಗ ಶೀನಪ್ಪ ಬೆಂಚಿನ ಮೇಲೆ ಹಾಗೆಯೇ ಇದ್ದರು. ನೀರು ಸಹ ಕುಡಿದಿರಲಿಲ್ಲ.

"ನಿತ್ಯಾನಂದ ನಿಮ್ಮಲ್ಲಿಗೆ ಬಂದಿದ್ದರಾ?"

"ಬಂದಿದ್ದರು. ಮೂಡಬಿದ್ರಿಯ ಮನೆಗೆ ಹೋಗುವಾಗ ಶುಕ್ರವಾರ ನಮ್ಮಲ್ಲಿ ಇಳಿದು ಫೋನ್ ಪರೀಕ್ಷೆ ಮಾಡಿದರು. ನಾನು ಕಾಫಿ ತರಲಿಕ್ಕೆ ಒಳಗೆ ಹೋದೆ."

"ಬೆಳಿಗ್ಗೆ ಯಾಕೆ ಹೇಳಲಿಲ್ಲ ಮಾರಾಯ್ರೆ?"

"ಹೊರಗಿನವರು ಅಂತ ಕೇಳಿದಿರಿ. ಅವರು ನಮ್ಮ ಅಂಚೆ-ತಂತಿ ಡಿಪಾರ್ಟ್‌ಮೆಂಟಿನವರು. ನಮ್ಮ ಮನೆಯ ಕಾಫಿ ಕುಡಿದವರು. ಅವರನ್ನು ಹೊರಗಿನವರು ಅಂತ ಹೇಗೆ ಹೇಳುವುದು ಸಾರ್?"

ಕುಶಾಲಪ್ಪ ಕ್ಷಮೆ ಕೇಳಬೇಕೆಂದುಕೊಂಡರು. ಖಾಕಿ ತೊಟ್ಟವರಿಗೆ ಆ ಮಾತು ಸುಲಭಕ್ಕೆ ಬರುವುದಿಲ್ಲ. ಚಹಾ ತರಿಸಿದರು, ಅಷ್ಟೇ.

ನವೆಂಬರ್ ೧೫, ಮಂಗಳವಾರ, ಬೆಳಿಗ್ಗೆ ೮.೧೫. ಮೂಡಬಿದ್ರಿ ಠಾಣೆಗೆ ತಿಳಿಸಿ, ಇಬ್ಬರು ಪಂಚರೊಂದಿಗೆ ನಿತ್ಯಾನಂದನ ಮನೆಗೆ ಹೋದರು. ಬಾಗಿಲು ತೆರೆದದ್ದು ಅವನ ಹೆಂಡತಿ ಸರಸ. ಪೊಲೀಸರನ್ನು ಕಂಡು ಅವಳು ಮೊದಲು ನೆರೆಮನೆಯ ಕಡೆ ನೋಡಿದಳು, ಆಮೇಲೆ ಗಂಡನ ಕಡೆ.

"ಗಿಟಾರಿನ ಕೋಣೆಯಾ?" ಎಂದು ಕೇಳಿದಳು. ಯಾರೂ ಗಿಟಾರಿನ ಹೆಸರೆತ್ತಿರಲಿಲ್ಲ.

ಕೋಣೆಯ ಗೋಡೆಯಲ್ಲಿ ಐದು ಗಿಟಾರುಗಳಿದ್ದವು. ನಿತ್ಯಾನಂದ ಏಳು ವರ್ಷ ಮುಂಬೈಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಪಕ್ಕದ ದೊಡ್ಡ ಹೋಟೆಲಿನ ಬ್ಯಾಂಡಿನವರು ಎಸೆದದ್ದನ್ನು, ಮುರಿದದ್ದನ್ನು ಆರಿಸಿ ತಂದು ರಿಪೇರಿ ಮಾಡಿದ್ದ. ಐದನೆಯದು ಅವನೇ ಹಲಸಿನ ಹಲಗೆಯಿಂದ ಮಾಡಿದ್ದು. ಉದ್ದನೆಯ ಕುತ್ತಿಗೆ, ದಪ್ಪ ನಾಲ್ಕು ತಂತಿ. ಬೇಸ್ ಗಿಟಾರ್ ಅಂತೆ. ಉಕ್ಕಿನ ತಂತಿಗೆ ತಾಮ್ರದ ತಂತಿ ಸುತ್ತಿ ತಂತಿಗಳನ್ನೂ ತಾನೇ ತಯಾರಿಸಿದ್ದ. ತಂತಿಗಳ ಕೆಳಗೆ, ಎರಡೆರಡಕ್ಕೆ ಒಂದರಂತೆ, ತಂತಿಯ ಕಂಪನ ಹಿಡಿಯಲು ಫೋನಿನ ಎರಡು ಕಿವಿಗಳು, ಅಯಸ್ಕಾಂತ ಸುರುಳಿ ಸಮೇತ. ಒಂದರ ಬೆನ್ನಿನಲ್ಲಿ ಸಿದ್ಧಕಟ್ಟೆಯ ಸಂಖ್ಯೆ ಕೆತ್ತಿತ್ತು.

"ಇನ್ನೊಂದು ಎಲ್ಲಿಯದು?"

"ಗುಜರಿಗೆ ಹಾಕಿದ್ದ ಹಳೆಯ ಫೋನಿನದು. ಕೇಳಿಯೇ ತಕ್ಕೊಂಡದ್ದು. ಆದರೆ ಒಂದರಿಂದ ಎರಡೇ ತಂತಿಗೆ ಶಬ್ದ ಬರ್ತದೆ. ಹೊಸ ಫೋನುಗಳ ಅಯಸ್ಕಾಂತಕ್ಕೆ ಶಕ್ತಿ ಇಲ್ಲ. ಈ ಹಳೆಯ ಜಾತಿ ಸಿದ್ಧಕಟ್ಟೆಯಲ್ಲಿ ಮಾತ್ರ ಇತ್ತು."

"ಇದು ನಿಜಕ್ಕೂ ಶಬ್ದ ಮಾಡ್ತದಾ?" ಮುಂಡಪ್ಪ ತಡೆಯಲಾರದೆ ಕೇಳಿದರು.

ನಿತ್ಯಾನಂದ ಹಳೆಯ ರೇಡಿಯೋಗೆ ವೈರು ಸಿಕ್ಕಿಸಿ ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಕಪಾಟಿನ ಲೋಟಗಳು ಕಿಣಿಗುಟ್ಟಿದವು. ಪಂಚರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕುಶಾಲಪ್ಪರಿಗೂ ಎದೆಯೊಳಗೆ ಏನೋ ಹಿತವಾಯಿತು. ಮರುಕ್ಷಣವೇ, ಇದಕ್ಕಾಗಿ ಅಲ್ಲೊಬ್ಬಳು ಒದ್ದಾಡಿದಳು ಎಂದು ನೆನಪಾಗಿ ನಾಚಿಕೆಯಾಯಿತು.

"ಮರದ ಬಿಲ್ಲೆಗೆ ಪಾಲಿಶ್ ಯಾಕೆ?"

"ಬರೀ ಮರ ಹಾಗೇ ಬಿಡಲಿಕ್ಕೆ ಕೈ ಬರಲಿಲ್ಲ. ಸೋಮವಾರ ಹೊಸ ಕಿವಿ ಬರುವುದಿತ್ತು, ತಕ್ಷಣ ಹಾಕಿಬಿಡುವ ಅಂತ ಇದ್ದೆ. ಆ ಫೋನಿನಲ್ಲಿ ವಾರಕ್ಕೆ ಒಬ್ಬ ಮಾತಾಡಿದರೆ ಹೆಚ್ಚು ಸಾರ್."

"ಉಮ್ಮರ್ ಕರೆದದ್ದು ಮೂರೂ ಹತ್ತಕ್ಕೆ. ನೀನು ಕಾರು ಕಳಿಸಿದ್ದು ಮೂರೂ ಮೂವತ್ತೈದಕ್ಕೆ. ನಡುವೆ?"

ನಿತ್ಯಾನಂದ ಹೆಂಡತಿಯ ಕಡೆ ನೋಡಿದ. ಸರಸ ತಾನಾಗಿಯೇ ಒಳಗೆ ಹೋದಳು.

"ಕಾರು ಕಳಿಸಿದರೆ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳ್ತಾರೆ. ದೋಷ ಬರೆಯಬೇಕಾಗ್ತದೆ. ಬರೆದರೆ ಫೋನ್ ಬಿಚ್ಚುತ್ತಾರೆ. ಅದನ್ನೇ ಯೋಚಿಸ್ತಾ ಕೂತಿದ್ದೆ ಸಾರ್."

೯.೧೦ಕ್ಕೆ ದಸ್ತಗಿರಿ. ಐದನೆಯ ಗಿಟಾರನ್ನು ಗೋಣಿಯಲ್ಲಿ ಸುತ್ತಿ ಮುದ್ರೆ ಹಾಕಿದರು.

ಅದೇ ಸಂಜೆ ಉಮ್ಮರ್ ಖರ್ಜೂರದ ಪೊಟ್ಟಣ ಹಿಡಿದು ಠಾಣೆಗೆ ಬಂದ. ಕಳ್ಳ ಸಿಕ್ಕಿದ ಸುದ್ದಿ ಅವನಿಗೆ ತಲುಪಿತ್ತು, ಕಳ್ಳ ಯಾರೆಂದು ತಲುಪಿರಲಿಲ್ಲ.

"ಕಾರು ಕಳಿಸಿದ ಪುಣ್ಯಾತ್ಮರು ನಿಮಗೆ ಗೊತ್ತುಂಟಂತೆ ಸ್ವಾಮಿ. ಹೆಸರು ಹೇಳಿ."

ಕುಶಾಲಪ್ಪ ಫೈಲಿನ ಹಾಳೆ ಮಗುಚಿದರು. ಲಾಕಪ್ಪಿನ ಸರಳಿನ ಹಿಂದೆ ನಿತ್ಯಾನಂದ ಎದ್ದು ನಿಂತ.

"ಕಾರು ಕಳಿಸಿದ್ದು ನಾನು ಉಮ್ಮರ್ ಬ್ಯಾರಿಗಳೇ. ಫೋನಿನ ಕಿವಿ ತೆಗೆದದ್ದೂ ನಾನೇ."

ಉಮ್ಮರ್ ಅವನ ಕಡೆ ತಿರುಗಿದ. ಬೈಯುತ್ತಾನೆಂದು ಮುಂಡಪ್ಪ ಹತ್ತಿರ ಬಂದು ನಿಂತರು.

"ಹಾಗಾದರೆ ನಾನು ಹೇಳಿದ್ದು ನಿಮಗೆ ಕೇಳ್ತಾ ಇತ್ತಾ?"

"ಕೇಳ್ತಾ ಇತ್ತು."

"ಎಲ್ಲವೂ?"

"ಎಲ್ಲವೂ."

ಉಮ್ಮರ್‌ನ ಮುಖ ಇಳಿದುಹೋಯಿತು. ಆ ಕಡೆ ಯಾರೂ ಇಲ್ಲವೆಂದು ತಿಳಿದು ಅವನು ಆ ದಿನ ರಿಸೀವರ್ ಹಿಡಿದು ಮಗುವಿನಂತೆ ಅತ್ತಿದ್ದ. ಶೀನಪ್ಪ ನೋಡಲಾರದೆ ಒಳಗೆ ಹೋಗಿದ್ದರಂತೆ. ತನ್ನ ಪ್ರಾಣ ತಕ್ಕೋ, ಅವಳನ್ನು ಬಿಡು ಎಂದು ದೇವರಲ್ಲಿ ಬೇಡಿಕೊಂಡಿದ್ದ. ಹೆಂಡತಿಯ ಎದುರೂ ಆಡದ ಮಾತುಗಳು ಅವು.

"ನಾನು ಅತ್ತದ್ದನ್ನು ಯಾರಿಗೂ ಹೇಳಬೇಡಿ," ಎಂದ, ಸರಳಿನ ಹತ್ತಿರ ಬಂದು, ಬಹಳ ಮೆಲ್ಲಗೆ. ಕೇಳಿಕೊಳ್ಳಬೇಕಾದವನು ಅವನಲ್ಲ. ಆದರೂ ಕೈ ಮುಗಿದಿದ್ದ.

ನಿತ್ಯಾನಂದ ತಲೆ ಎತ್ತಲಾರದೆ ಆಗಲಿ ಎಂದ. ಉಮ್ಮರ್ ಖರ್ಜೂರದ ಪೊಟ್ಟಣವನ್ನು ಅಲ್ಲಿಯೂ ಇಡಲಾರದೆ, ಹಿಂದಕ್ಕೂ ಒಯ್ಯಲಾರದೆ ಸ್ವಲ್ಪ ಹೊತ್ತು ನಿಂತು, ಕಡೆಗೆ ಕಂಕುಳಲ್ಲಿ ಇಟ್ಟುಕೊಂಡು ಹೋದ.

೬.೪೦ಕ್ಕೆ ಕುಶಾಲಪ್ಪ ಡೈರಿ ಬರೆಯಲು ಕೂತರು. ಕೃತ್ಯದ ಕಾರಣ: ತಾನು ತಯಾರಿಸಿದ ವಾದ್ಯದ ಉಳಿದ ಎರಡು ತಂತಿಗಳಿಂದಲೂ ಶಬ್ದ ಹೊರಡಿಸಬೇಕೆಂಬ ಆಸೆ. ತಡ ಮಾಡಿದ್ದಕ್ಕೆ ಕಾರಣ: ಸಿಕ್ಕಿಬೀಳುವ ಭಯ. ದೂರುದಾರ ಶೀನಪ್ಪನನ್ನು ಸಂಶಯದಿಂದ ದಿನವಿಡೀ ಬೆಂಚಿನಲ್ಲಿ ಕೂರಿಸಿದ್ದು ತನ್ನದೇ ತಪ್ಪೆಂದೂ ಬರೆದು ರುಜು ಹಾಕಿದರು. ಉಮ್ಮರ್ ಅತ್ತ ವಿಷಯ ಮಾತ್ರ ಎಲ್ಲಿಯೂ ಬರೆಯಲಿಲ್ಲ.