ಅಳಿಸಿದ ಮೇಲೂ ಉಳಿದ ಚಿತ್ರಗಳು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರುವ ಮೊದಲೇ ಅಪರಾಧಿ ಯಾರೆಂದು ತೀರ್ಮಾನಿಸಿದ್ದ. ಆತ ಚರ್ಮರೋಗ ಚಿಕಿತ್ಸೆಯ ಆ್ಯಪ್ ನಡೆಸುವ ಕಂಪನಿಯ ಮಾಲೀಕ. ರೋಗಿಗಳು ಮನೆಯಿಂದಲೇ ತಮ್ಮ ಗಾಯ, ಕಲೆ, ಸುಟ್ಟ ಗುರುತುಗಳ ಫೋಟೊ ಕಳಿಸುತ್ತಾರೆ. ವೈದ್ಯರು ನೋಡಿ ಔಷಧಿ ಬರೆಯುತ್ತಾರೆ. ಶುಕ್ರವಾರ ಮಧ್ಯಾಹ್ನ ಆ ಫೋಟೊಗಳಷ್ಟೂ ಮಾಯವಾಗಿದ್ದವು.

“ಎದುರು ಕಂಪನಿಯವರದೇ ಕೆಲಸ ಮೇಡಂ. ನಾವು ಬೆಳೀತಿರೋದು ಅವರ ಕಣ್ಣು ಕುಕ್ತಿದೆ.”

ಇನ್‌ಸ್ಪೆಕ್ಟರ್ ಆತನ ಮುಖವನ್ನೇ ನೋಡಿದಳು. “ರೋಗಿಗಳು ಏನಂದ್ರು?”

“ಅವರನ್ನ ಇನ್ನೂ ಮಾತಾಡಿಸಿಲ್ಲ. ಸುಮ್ನೆ ಗಾಬರಿ ಯಾಕೆ ಅಂತ.”

ಆ ಉತ್ತರ ಆಕೆಗೆ ಹಿಡಿಸಲಿಲ್ಲ. ಆದರೂ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟಳು. ಆತನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ವರ್ಷಗಳಾಗಿದ್ದವು, ಹೆಸರನ್ನು ಬೋಳಿಸಲು ಆಗಿರಲಿಲ್ಲ.

ಕಂಪನಿಯ ಕಚೇರಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಪಂಚನಾಮೆಗೆ ಕೆಳಗಿನ ಔಷಧಿ ಅಂಗಡಿಯವನನ್ನೂ ಪಕ್ಕದ ಕಚೇರಿಯ ಗುಮಾಸ್ತೆಯನ್ನೂ ಪಂಚರಾಗಿ ಕರೆದರು. ಫೋಟೊಗಳ ಸಂಗ್ರಹ ನೋಡಿಕೊಳ್ಳುತ್ತಿದ್ದ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಂಗಸು, ಎದ್ದು ನಿಂತಳು.

“ಫೋಟೊ ಇಟ್ಟಿದ್ದ ಕಂಪ್ಯೂಟರ್ ಯಾವುದಮ್ಮ? ಸೀಲ್ ಹಾಕ್ಬೇಕು,” ಎಂದ ಮೀಸೆ.

“ಇಲ್ಲಿಲ್ಲ. ಕ್ಲೌಡ್‌ನಲ್ಲಿ.”

ಮೀಸೆ ಕಿಟಕಿಯಾಚೆ ನೋಡಿದ. “ಅಲ್ಲಿಗೆ ಪಂಚರನ್ನ ಹೇಗೆ ಹತ್ತಿಸೋದು?”

ಎಂಜಿನಿಯರ್ ನಗದೆ ಬಿಡಿಸಿ ಹೇಳಿದಳು. ಕ್ಲೌಡ್ ಎಂದರೆ ಬೇರೊಂದು ಕಂಪನಿಯ ಯಂತ್ರಗಳಲ್ಲಿ ಬಾಡಿಗೆಗೆ ಪಡೆದ ಜಾಗ, ಒಂದು ಉಗ್ರಾಣ. ರೋಗಿ ಫೋಟೊ ಹಾಕಿದ ಕೂಡಲೇ ಅದು ಅಲ್ಲಿಗೆ ಹೋಗುತ್ತದೆ, ಅದಕ್ಕೊಂದು ಲಿಂಕ್ ಹುಟ್ಟುತ್ತದೆ. ವೈದ್ಯರು ನೋಡುವುದು ಆ ಲಿಂಕ್ ಮೂಲಕ.

“ಇನ್ನೊಂದು ಪ್ರತಿ ಇರಲಿಲ್ವಾ?” ಎಂದಳು ಇನ್‌ಸ್ಪೆಕ್ಟರ್.

“ಇತ್ತು. ಮೊದಲು ಅದನ್ನ ತೆಗೆದು, ಆಮೇಲೆ ಇದನ್ನ ಅಳಿಸಿದ್ದಾರೆ.”

“ಗೊತ್ತಿದ್ದವರ ಕೆಲಸ.”

“ಚೆನ್ನಾಗಿ ಗೊತ್ತಿದ್ದವರ ಕೆಲಸ,” ಎಂದಳು ಎಂಜಿನಿಯರ್. ಉಗ್ರಾಣಕ್ಕೆ ಯಾರು ಯಾವಾಗ ಬಂದರೆಂಬ ದಾಖಲೆಯನ್ನು ಕೇಳುವ ಮೊದಲೇ ತೆಗೆದುಕೊಟ್ಟಳು.

ಮಂಗಳವಾರ ಮೀಸೆ ರೋಗಿಗಳಿಗೆ ಫೋನ್ ಹಚ್ಚಿದ. ಮೊದಲು ಸಿಕ್ಕವರು ಒಬ್ಬ ನಿವೃತ್ತ ಅಂಚೆಯವರು.

“ನನ್ನ ಫೋಟೊ ಎಲ್ಲ ಗುರುವಾರವೇ ಇಮೇಲ್‌ಗೆ ಬಂತಲ್ಲಪ್ಪ. ‘ಇವು ನಿಮ್ಮವು, ನಿಮ್ಮ ಹತ್ತಿರವೇ ಇರಲಿ’ ಅಂತ ಬರೆದಿತ್ತು. ಕಂಪನಿಯವರೇ ಕಳಿಸಿದ್ದು ಅಂದ್ಕೊಂಡೆ.”

ಮುಂದಿನವರೂ ಅದನ್ನೇ ಹೇಳಿದರು, ಅದರ ಮುಂದಿನವರೂ ಅದನ್ನೇ.

“ಮಾಲನ್ನ ಮನೆಮನೆಗೆ ಮುಟ್ಟಿಸಿ ಹೋಗಿರೋ ಕಳ್ಳನನ್ನ ನನ್ನ ಸರ್ವಿಸಲ್ಲಿ ನೋಡಿಲ್ಲ ಮೇಡಂ,” ಎಂದ ಮೀಸೆ.

ಆದರೆ ಸಂಜೆ ಸಿಕ್ಕ ಒಬ್ಬ ತಾಯಿ ಅತ್ತುಬಿಟ್ಟಳು. ಮಗಳ ಕಾಲು ಬಿಸಿನೀರಿನಲ್ಲಿ ಬೆಂದಿತ್ತು. ಗಾಯ ಮಾಗುತ್ತ ಬಂದ ಒಂದೊಂದು ಹಂತದ ಫೋಟೊವೂ ಆ ಆ್ಯಪಿನಲ್ಲೇ ಇತ್ತು. ಆಕೆಯ ಇಮೇಲ್ ವಿಳಾಸ ಬದಲಾಗಿತ್ತು, ಏನೂ ತಲುಪಿರಲಿಲ್ಲ. ಹೊಸ ವೈದ್ಯರಿಗೆ ತೋರಿಸಲು ಈಗ ಕೈಯಲ್ಲಿ ಒಂದೂ ಇಲ್ಲ. ಇನ್‌ಸ್ಪೆಕ್ಟರ್ ಅವಳ ಹೇಳಿಕೆಯನ್ನು ತಾನೇ ಬರೆದುಕೊಂಡಳು.

ಕ್ಲೌಡ್ ಕಂಪನಿಯ ದೃಢೀಕೃತ ಉತ್ತರ ಬುಧವಾರ ಬಂತು. ಅಳಿಸುವ ಆದೇಶ ಹೋದದ್ದು ದೂರುದಾರನ ಕಚೇರಿಯ ಇಂಟರ್ನೆಟ್‌ನಿಂದಲೇ. ಆ ಹೊತ್ತಿಗೆ ಸಿಬ್ಬಂದಿಯೆಲ್ಲ ಮೇಲಿನ ಮಹಡಿಯ ಮೀಟಿಂಗ್‌ನಲ್ಲಿದ್ದರು. ಬಾಗಿಲ ಕ್ಯಾಮೆರಾ ನೋಡಿದರೆ ಒಬ್ಬಳು ಮಾತ್ರ ಹೊರಗೆ ಹೋಗಿರಲಿಲ್ಲ.

ಎಂಜಿನಿಯರನ್ನು ಠಾಣೆಗೆ ಕರೆಸಿದರು.

“ಶುಕ್ರವಾರ ಸೀಟಲ್ಲೇ ಉಳಿದವರು ಯಾರು?”

“ನಾನು.”

“ಅಳಿಸಿದ್ದು?”

“ನಾನೇ. ಸೋಮವಾರದಿಂದ ಏನೆಲ್ಲ ಕೇಳಿದ್ರಿ, ಇದೊಂದನ್ನ ಕೇಳಲಿಲ್ಲ.”

“ಯಾಕೆ ಅಳಿಸಿದ್ರಿ?”

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳ ಅಣ್ಣನ ಹೆಂಡತಿ ಶಾಲೆಯಲ್ಲಿ ಟೀಚರ್. ಒಲೆ ಸಿಡಿದು ಕುತ್ತಿಗೆ, ಎದೆ ಸುಟ್ಟಿತ್ತು. ಫೋಟೊ ಹಾಕಲು ಹಿಂಜರಿದಾಗ ಧೈರ್ಯ ತುಂಬಿದ್ದು ಇವಳೇ.

“‘ನಾನೇ ಕಟ್ಟಿದ್ದು ಅತ್ತಿಗೆ, ಭಯ ಬೇಡ’ ಅಂದೆ. ವಾಸಿಯಾದ ಮೇಲೆ ಅವರು ಅಳಿಸಿದ್ರು. ‘ಅಳಿಸಲಾಗಿದೆ’ ಅಂತ ಬಂತು. ಆದ್ರೆ ಹೋಗಿದ್ದು ಪರದೆ ಮೇಲಿಂದ ಮಾತ್ರ. ಉಗ್ರಾಣದಲ್ಲಿ ಫೋಟೊ ಹಾಗೇ ಇತ್ತು. ಲಿಂಕ್ ಇದ್ದವರು ಯಾರು ಬೇಕಾದ್ರೂ ಯಾವತ್ತು ಬೇಕಾದ್ರೂ ನೋಡಬಹುದಿತ್ತು. ಯಾರೋ ವೈದ್ಯರ ಕಡೆಯಿಂದ ಲಿಂಕ್ ಜಾರಿ, ಕೈಯಿಂದ ಕೈಗೆ ಹೋಗಿ, ಶಾಲೆ ಮಕ್ಕಳ ಮೊಬೈಲ್‌ಗೆ ಬಂತು. ಒಂದು ದಿನ ತರಗತಿಗೆ ಹೋದ್ರೆ ಬೋರ್ಡ್ ಮೇಲೆ ಆ ಗಾಯದ ಚಿತ್ರ ಬಿಡಿಸಿದ್ರಂತೆ. ಅವತ್ತಿಂದ ಅತ್ತಿಗೆ ಹೊಸ್ತಿಲು ದಾಟಿಲ್ಲ.”

“ಮಾಲೀಕರಿಗೆ ಹೇಳಿದ್ರಾ?”

“ಬಾಯಿ ನೋಯುವಷ್ಟು. ಲಿಂಕಿಗೆ ಅವಧಿ ಹಾಕೋಣ, ಅಳಿಸಿದ್ದು ನಿಜಕ್ಕೂ ಅಳಿಯೋ ಹಾಗೆ ಮಾಡೋಣ ಅಂದೆ. ‘ರೋಗಿಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ’ ಅಂದ್ರು.”

“ನಮ್ಮ ಹತ್ತಿರ ಬರಬಹುದಿತ್ತು.”

“ಅಣ್ಣ ಬಂದಿದ್ದ, ಇದೇ ಠಾಣೆಗೆ. ‘ಫೋಟೊ ಹಾಕಿದ್ದು ನಿಮ್ಮನೆಯವರೇ ತಾನೇ’ ಅಂತ ವಾಪಸ್ ಕಳಿಸಿದ್ರು.”

ಬಾಗಿಲ ಬಳಿ ನಿಂತಿದ್ದ ಮೀಸೆ ತಲೆ ತಗ್ಗಿಸಿದ. ಇನ್‌ಸ್ಪೆಕ್ಟರ್ ಅವನನ್ನು ನೋಡಿದಳು. ವಾಪಸ್ ಕಳಿಸಿದ್ದು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಆಮೇಲೆ ಆಕೆ, ಕಾಲು ಬೆಂದ ಆ ಹುಡುಗಿಯ ವಿಷಯ ಹೇಳಿದಳು. ಎಂಜಿನಿಯರ್ ಮುಖ ಮೊದಲ ಬಾರಿಗೆ ಕಳೆಗುಂದಿತು.

“ಅದು ನನ್ನ ತಪ್ಪು. ತಲುಪದ ಇಮೇಲ್‌ಗಳನ್ನ ನೋಡಬೇಕಿತ್ತು. ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ. ಮಿಕ್ಕಿದ್ದಕ್ಕೆ ಕ್ಷಮೆ ಕೇಳಲ್ಲ.”

“ಹೇಳಿಕೇಲಿ ಹೀಗೇ ಬರೀಲಾ?”

“ಹೀಗೇ ಬರೀರಿ. ಎಲ್ಲೂ ಮೆದು ಮಾಡ್ಬೇಡಿ.”

ಮಧ್ಯಾಹ್ನ ಬಂಧನವನ್ನು ದಾಖಲಿಸಿ, ಮನೆಯವರಿಗೆ ತಿಳಿಸಿದರು. ಸುದ್ದಿ ಕೇಳಿ ಮಾಲೀಕ ಓಡಿಬಂದ. “ಅನ್ನ ಹಾಕಿದ ಕೈಯನ್ನೇ ಕಚ್ಚಿದಳು ನೋಡಿ ಮೇಡಂ,” ಎನ್ನುತ್ತಿರುವಾಗಲೇ ಒಳಗೆ ಬಂದದ್ದು ಅತ್ತಿಗೆ. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿರಲಿಲ್ಲ. ಗದ್ದದ ಕೆಳಗಿಂದ ಇಳಿದ ಸುಟ್ಟ ಗುರುತು ಎಲ್ಲರಿಗೂ ಕಾಣುವಂತಿತ್ತು. ಮೀಸೆ ಎದ್ದು ತನ್ನ ಕುರ್ಚಿಯನ್ನು ಕೊಟ್ಟ.

“ದೂರು ಕೊಡಬೇಕು,” ಎಂದಳು ಆಕೆ. “ಇವರ ಮೇಲೆ. ಈ ಸಲ ತಗೋತೀರಾ?”

“ತಗೋತೀವಿ,” ಎಂದಳು ಇನ್‌ಸ್ಪೆಕ್ಟರ್. “ಮೀಸೆ, ನೀನೇ ಬರಿ.”

ಮಾಲೀಕ ತಬ್ಬಿಬ್ಬಾದ. “ನಾನು ದೂರು ಕೊಟ್ಟವನು ಮೇಡಂ.”

“ಆ ಕೇಸಲ್ಲಿ. ಇದರಲ್ಲಿ ಆರೋಪಿ. ಕೂತ್ಕೊಳ್ಳಿ.”

ನ್ಯಾಯಾಲಯಕ್ಕೆ ಹೊರಟ ಜೀಪಿನ ಬಳಿ ಅತ್ತಿಗೆ ನಾದಿನಿಯ ಕೈ ಹಿಡಿದುಕೊಂಡಳು.

“ಊಟ ಮಾಡಿದ್ಯಾ?”

“ಆಯ್ತು ಅತ್ತಿಗೆ. ನೀವು ಹೊರಗೆ ಬಂದ್ರಲ್ಲ, ಸಾಕು.”

ಸಂಜೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಮುಂದಿಟ್ಟುಕೊಂಡಳು. ಕೃತ್ಯದ ಉದ್ದೇಶ ಬರೆಯಬೇಕಾದ ಕಡೆ ‘ದ್ವೇಷ’ ಎಂದರೆ ಕೆಲಸ ಸುಲಭ, ಮೇಲಧಿಕಾರಿಗಳು ಪ್ರಶ್ನಿಸುವುದಿಲ್ಲ. ಆಕೆ ಬರೆದದ್ದು ಹೀಗೆ: ‘ಭಯ ಬೇಡವೆಂದು ತಾನು ಒಬ್ಬರಿಗೆ ಕೊಟ್ಟಿದ್ದ ಮಾತನ್ನು ಕಂಪನಿ ಸುಳ್ಳು ಮಾಡಿದ್ದರಿಂದ, ಅದನ್ನು ನಿಜ ಮಾಡಲು ಆರೋಪಿಯು ಈ ಕೃತ್ಯ ಎಸಗಿರುತ್ತಾಳೆ.’ ಈ ಸಾಲನ್ನು ತಿದ್ದಲು ಹೇಳುತ್ತಾರೆಂದು ಆಕೆಗೆ ಗೊತ್ತಿತ್ತು. ಕೆಳಗೆ ತನ್ನ ಸಹಿ ಹಾಕಿ, ಮೊಹರು ಒತ್ತಿದಳು.