ಈಜು ಮೇಷ್ಟ್ರ ಮುಂದಿನ ಹಲ್ಲು

ಅವಳು ನೋಡುತ್ತಿದ್ದದ್ದು ಅವನ ಹಲ್ಲನ್ನು. ಅವನು ತಿಳಿದುಕೊಂಡದ್ದು ಬೇರೆ.

ಗ್ರಂಥಾಲಯದ ಉದ್ದನೆಯ ಮೇಜಿನ ಆ ತುದಿಯಲ್ಲಿ ಅವನು ಪತ್ರಿಕೆ ಹರಡಿಕೊಂಡು ಕೂತಿದ್ದ. ಅಗಲವಾದ ಭುಜ, ಆ ಭುಜಕ್ಕೆ ಸಾಲದ ಅಂಗಿ. ಏನನ್ನೋ ಓದಿ ತನ್ನಷ್ಟಕ್ಕೆ ನಕ್ಕ. ಈ ತುದಿಯಲ್ಲಿದ್ದ ಅವಳ ಕಣ್ಣು ಅಲ್ಲೇ ಅಂಟಿಕೊಂಡಿತು. ಅವನು ತಲೆ ಎತ್ತಿದ; ಅವಳು ಕಣ್ಣು ತೆಗೆಯಲಿಲ್ಲ. ಅವನು ಕೂದಲು ಸರಿಮಾಡಿಕೊಂಡ, ಕಾಲರ್ ಎಳೆದುಕೊಂಡ, ಅಳುಕುತ್ತಲೇ ಇನ್ನೊಮ್ಮೆ ನಕ್ಕ. ಅವಳು ಮೇಜಿನ ಮೇಲೆ ಇನ್ನಷ್ಟು ಬಾಗಿ ನೋಡಿದಳು. ಕಿವಿಯವರೆಗೂ ಕೆಂಪಾದ ಅವನು ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಪಿಸುಗುಟ್ಟಿದ:

“ನಮಗೆ ಮೊದಲೇ ಪರಿಚಯ ಇದ್ಯಾ?”

“ಇಲ್ಲ. ಆ ಮುಂದಿನ ಹಲ್ಲು ನಿಮ್ದಲ್ಲ, ಅಲ್ವಾ?”

ಅವನ ಕೈ ತಟ್ಟನೆ ಬಾಯಿಗೆ ಹೋಯಿತು.

“ಕ್ಯಾಪ್ ಅದು. ಯಾರ್ರೀ ಮಾಡಿದ್ದು? ಪಕ್ಕದ ಹಲ್ಲು ಹಾಲಿನ ಕೆನೆ ಥರ ಇದೆ, ಇದು ಸುಣ್ಣದ ಗೋಡೆ ಥರ ಇದೆ.”

“ರೀ, ಅಷ್ಟೊತ್ತು ಇದನ್ನಾ ನೋಡ್ತಿದ್ದದ್ದು? ನಾನು ಇನ್ನೇನೋ ಅಂದ್ಕೊಂಡೆ!”

“ಏನಂದ್ಕೊಂಡ್ರಿ?”

ಅವನು ತಡೆಯಲಾರದೆ ನಕ್ಕುಬಿಟ್ಟ. ತಾನು ಮಾಡಿದ್ದು ಎಂಥ ಕೆಲಸ ಎಂದು ಅವಳಿಗೂ ಆಗಲೇ ಹೊಳೆದದ್ದು. ನಗು ಒತ್ತಿ ಹಿಡಿದಷ್ಟೂ ಜಾಸ್ತಿಯಾಯಿತು. ಲೈಬ್ರರಿ ಮೇಡಂ ಮೇಜು ಕುಟ್ಟಿ ಇಬ್ಬರನ್ನೂ ಹಿಂದಿನ ಮೆಟ್ಟಿಲಿಗೆ ಅಟ್ಟಿದರು.

ಅವಳು ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಕೆತ್ತುತ್ತಿದ್ದವಳು. ಮೇಣದಲ್ಲಿ ಹಲ್ಲಿನ ಆಕಾರ ತೆಗೆದು, ಬಣ್ಣ ಹೊಂದಿಸಿ, ಯಾರದೋ ನಗುವನ್ನು ಸರಿಮಾಡಿ ಕಳಿಸುವ ಕೆಲಸ. ಲ್ಯಾಬಿನ ಮಾಲೀಕರು ವಯಸ್ಸಾಯಿತೆಂದು ಬಾಗಿಲು ಹಾಕಿದ ಮೇಲೆ ಅವಳು ಅಕ್ಕನ ಮನೆ ಸೇರಿದ್ದಳು. ಅಕ್ಕ ಒಳ್ಳೆಯವಳು, ಭಾವ ಅವಳಿಗಿಂತ ಒಳ್ಳೆಯವರು. ಕಷ್ಟ ಇದ್ದದ್ದೇ ಅಲ್ಲಿ. ಭಾವನ ಜೋಕುಗಳಿಗೆ ಅವಳು ಬೇಕಾದ್ದಕ್ಕಿಂತ ಜೋರಾಗಿ ನಗುತ್ತಿದ್ದಳು. ಎರಡನೆಯ ಸಲ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬೆಳಿಗ್ಗೆ ಅಕ್ಕ ಆಫೀಸಿಗೂ ಭಾವ ಅಂಗಡಿಗೂ ಹೊರಟುಹೋದ ಮೇಲೆ ಮನೆ ಗಪ್ಪೆಂದು ಮೌನವಾಗುತ್ತಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರೂ ಹೊತ್ತು ಹೋಗುತ್ತಿರಲಿಲ್ಲ. ಅದಕ್ಕೇ ಅವಳೂ ಕೆಲಸಕ್ಕೆ ಹೋಗುವವಳ ಹಾಗೆ ತಲೆ ಬಾಚಿ, ಬ್ಯಾಗು ಹೆಗಲಿಗೇರಿಸಿ ಗ್ರಂಥಾಲಯಕ್ಕೆ ಬರುತ್ತಿದ್ದಳು.

ಅವನು ಈಜು ಕಲಿಸುವ ಮೇಷ್ಟ್ರು. ಅವನಿದ್ದ ಕೊಳವನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು.

“ನೀರಿಲ್ದೆ ಬದುಕೋದು ಕಷ್ಟಾರೀ, ಡಾಕ್ಟ್ರೇ.”

“ನಾನು ಡಾಕ್ಟ್ರಲ್ಲ. ಟೆಕ್ನೀಷಿಯನ್.”

“ನನ್ನ ಹಲ್ಲು ನೋಡಿ ಬೈದ್ರಲ್ಲ, ಅಷ್ಟು ಸಾಕು ಡಾಕ್ಟ್ರಾಗೋಕೆ.”

ಮಾರನೆಯ ದಿನ ಅವಳು ಗ್ರಂಥಾಲಯಕ್ಕೆ ಮಾಮೂಲಿಗಿಂತ ಬೇಗ ಬಂದಳು. ಅವನು ಆಗಲೇ ಬಾಗಿಲ ಬಳಿ ನಿಂತಿದ್ದ. ಬಾಗಿಲು ತೆರೆಯಲು ಇನ್ನೂ ತುಂಬ ಹೊತ್ತಿತ್ತು. ಅದನ್ನು ಇಬ್ಬರೂ ಗಮನಿಸದವರ ಹಾಗೆ ಮಾತಾಡುತ್ತ ನಿಂತರು.

ಹಿಂದಿನ ಮೆಟ್ಟಿಲೇ ಅವರ ಆಫೀಸಾಯಿತು. ಯಾರಿಗೆ ಎಲ್ಲಿಂದ ಕರೆ ಬಂತು, ಯಾರು ‘ಆಮೇಲೆ ತಿಳಿಸ್ತೀವಿ’ ಅಂದು ತಿಳಿಸಲೇ ಇಲ್ಲ, ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿತ್ತು. ಮನೆಯಲ್ಲಿ ಹೇಳಿದರೆ ಅಕ್ಕನ ಮುಖ ಸಪ್ಪಗಾಗುತ್ತಿದ್ದ ಸುದ್ದಿ ಇಲ್ಲಿ ನಗೆಯಾಗಿ ಬದಲಾಗುತ್ತಿತ್ತು. ಮೇಷ್ಟ್ರದು ಒಂದೇ ತೊಂದರೆ: ಸಂದರ್ಶನ ಎಂದರೆ ನಾಲಿಗೆ ಒಣಗಿಹೋಗುತ್ತಿತ್ತು. ಹಾಗಾಗಿ ದಿನವೂ ಅವಳು ಮೇಲಿನ ಮೆಟ್ಟಿಲಲ್ಲಿ ಸಾಹೇಬರ ಹಾಗೆ ಕೂತು ಪ್ರಶ್ನೆ ಕೇಳುತ್ತಿದ್ದಳು.

“ನಿಮ್ಮ ಬಗ್ಗೆ ಹೇಳಿ.”

“ನಾನು... ಅದು... ಈಜು...”

“ಗಟ್ಟಿಯಾಗಿ.”

“ನೀವು ಹಾಗೆ ನೋಡ್ತಾ ಇದ್ರೆ ಹೇಗ್ರೀ ಬರುತ್ತೆ ಮಾತು?”

“ಹೇಗೆ ನೋಡ್ತಿದೀನಿ?”

ಅವನು ಅವಳನ್ನೇ ನೋಡಿದ. ಅವಳೂ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಮೆಟ್ಟಿಲ ಕೆಳಗೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ತೆಗೆದ ಸದ್ದಿಗೆ ಇಬ್ಬರೂ ಬೆಚ್ಚಿಬಿದ್ದರು.

“ಈಗ ನಿಮ್ಮ ಸರದಿ,” ಎಂದ ಅವನು ಗಂಟಲು ಸರಿಮಾಡಿಕೊಂಡು. “ಮೇಡಂ, ನಿಮ್ಮಲ್ಲಿರೋ ಕೊರತೆ ಏನು?”

“ಸುಳ್ಳು ಹೇಳೋಕೆ ಬರಲ್ಲ.”

“ಹಾಗಾದ್ರೆ ಹೇಳಿ, ಇವತ್ತು ಇಷ್ಟು ಬೇಗ ಯಾಕೆ ಬಂದ್ರಿ?”

“ಅದು ಸಂದರ್ಶನದ ಪ್ರಶ್ನೆ ಅಲ್ಲ!” ಎಂದು ಅವಳು ಬ್ಯಾಗಿನಿಂದ ಅವನ ಮಂಡಿಗೆ ಹೊಡೆದಳು.

ಒಂದು ಬೆಳಿಗ್ಗೆ ಅವಳಿಗೆ ಫೋನು ಬಂತು. ದೊಡ್ಡ ಲ್ಯಾಬು. ಎದುರಿಗೇ ಕೂರಿಸಿ ಹಲ್ಲು ಕೆತ್ತಿಸಿ ನೋಡುತ್ತಾರಂತೆ. ಅವಳಿಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಮೇಣ ಮುಟ್ಟಿ ತಿಂಗಳುಗಳೇ ಆಗಿದ್ದವು, ಬೆರಳು ಮರೆತಿದ್ದರೆ? ಮಾರನೆಯ ದಿನ ಮೇಷ್ಟ್ರು ಅಂಗಿಯ ಎರಡೂ ಜೇಬಿನ ತುಂಬ ಮೇಣದ ಬತ್ತಿ ತುರುಕಿಕೊಂಡು ಬಂದ.

“ಕೆತ್ತಿ. ಮಾದರಿಗೆ ನನ್ನ ಬಾಯಿ ಇದೆ.”

“ನಿಜವಾಗ್ಲೂ?”

“ಬೈಯಲ್ಲ ಅಂದ್ರೆ.”

ಅವಳು ಬೆರಳ ತುದಿಯಿಂದ ಅವನ ಗಲ್ಲ ಎತ್ತಿ ಬೆಳಕಿಗೆ ತಿರುಗಿಸಿದಳು. ಲ್ಯಾಬಿನಲ್ಲಿ ಅವಳು ನೋಡುತ್ತಿದ್ದದ್ದು ಬರೀ ಅಚ್ಚುಗಳನ್ನು. ಅವುಗಳಿಗೆ ಉಸಿರಿರಲಿಲ್ಲ, ತುಟಿಯ ಅಂಚಿನಲ್ಲಿ ಅದುಮಿಟ್ಟ ನಗು ಇರಲಿಲ್ಲ, ಮೇಲಿನಿಂದ ತನ್ನನ್ನೇ ನೋಡುವ ಎರಡು ಕಣ್ಣೂ ಇರಲಿಲ್ಲ. ಬ್ಯಾಗಿನಿಂದ ತೆಗೆದ ಕೆತ್ತುವ ಚಾಕುವನ್ನು ಅವಳು ಹಾಗೇ ಕೆಳಗಿಳಿಸಿದಳು.

“ಕಣ್ಣು ಮುಚ್ಕೊಳ್ಳಿ, ಮೇಷ್ಟ್ರೇ.”

“ಹಲ್ಲಿಗೂ ಕಣ್ಣಿಗೂ ಏನ್ರೀ ಸಂಬಂಧ?”

“ಇದೆ. ಮುಚ್ಕೊಳ್ಳಿ.”

ಮುಚ್ಚಿಕೊಂಡ. ಅವಳು ಕೆತ್ತಿದಳು. ಮೊದಲನೆಯದು ಕಲ್ಲಿನ ಚೂರಿನಂತಾಯಿತು. ಎರಡನೆಯದು ಮುರಿಯಿತು. ಆಮೇಲೆ ಬೆರಳುಗಳು ತಮ್ಮ ದಾರಿ ತಾವೇ ಹಿಡಿದವು. ಅವನ ಮಂಡಿಯ ಮೇಲೆ ಮೇಣದ ಸಿಪ್ಪೆ ಹೂವಿನ ಎಸಳಿನಂತೆ ಉದುರುತ್ತಿತ್ತು. ಅವನು ಕಣ್ಣು ಮುಚ್ಚಿಯೇ ನಗುತ್ತಿದ್ದ. ಆ ನಗುವನ್ನು ಯಾರ ಹೆದರಿಕೆಯೂ ಇಲ್ಲದೆ ನೋಡುವ ಸುಖ ಅವಳಿಗೆ ಸಿಕ್ಕಿತ್ತು. ಕೆಲಸ ಬೇಗ ಮುಗಿಯದಿರಲಿ ಎಂದು ಅವಳು ಅಂದುಕೊಂಡದ್ದು ಅಷ್ಟು ದಿನಗಳಲ್ಲಿ ಅದೇ ಮೊದಲು.

ಪರೀಕ್ಷೆಯ ದಿನ ಅವಳು ಕೂತು ಕೆತ್ತಿದಳು, ಎದ್ದಳು. ಹಿರಿಯ ಟೆಕ್ನೀಷಿಯನ್ ಅವಳ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, “ಸೋಮವಾರದಿಂದ ಬಂದುಬಿಡಿ,” ಎಂದರು. ಬೀದಿಗೆ ಬಂದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನಿಗೆ ಹೇಳಬೇಕೆಂದು ಫೋನು ತೆಗೆದಳು, ಹಾಗೇ ಒಳಗಿಟ್ಟಳು. ಈ ಸುದ್ದಿಯನ್ನು ಮೊದಲು ಕೇಳಬೇಕಾದ ಕಿವಿ ಬೇರೆ ಇತ್ತು.

ಓಡಿದಳು. ಮೆಟ್ಟಿಲು ಖಾಲಿ. ಮೇಜಿನ ಆ ತುದಿಯೂ ಖಾಲಿ.

“ಈಜು ಮೇಷ್ಟ್ರಾ?” ಲೈಬ್ರರಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ನದಿ ಹತ್ರದ ಕ್ಲಬ್ಬಿನವರು ಇವತ್ತೇ ಕರೆದಿದಾರೆ. ನಿನ್ನ ಪರೀಕ್ಷೆ ಮುಗಿಯೋವರೆಗೂ ನಿನಗೆ ಹೇಳ್ಬೇಡಿ, ಮನಸ್ಸು ಆ ಕಡೆ ಹೋಗುತ್ತೆ ಅಂದ.” ಕನ್ನಡಕ ತೆಗೆದಿಟ್ಟು, “ಮುಗೀತಲ್ಲ? ಇನ್ನೂ ಯಾಕೆ ನಿಂತಿದೀಯ? ಓಡು!” ಎಂದರು. ಓದುವ ಕೋಣೆಯಲ್ಲಿ ಅವರು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಕ್ಲಬ್ಬಿನ ಕೊಳ ಬಿಸಿಲಿಗೆ ನೀಲಿಯಾಗಿ ಥಳಥಳಿಸುತ್ತಿತ್ತು. ದಡದಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ ಮೇಡಂ ಮತ್ತು ಇಬ್ಬರು ಕೂತಿದ್ದರು. ಎದುರಿಗೆ ಮೇಷ್ಟ್ರು ಕೈಕಟ್ಟಿ ನಿಂತಿದ್ದ. ಅವನ ಕಿವಿ ಕೆಂಪಾಗಿದ್ದದ್ದು ಗೇಟಿನಿಂದಲೇ ಅವಳಿಗೆ ಕಾಣಿಸಿತು.

“ನೀರಂದ್ರೆ ಹೆದರೋ ದೊಡ್ಡೋರು ಬಂದ್ರೆ ಹೇಗೆ ಕಲಿಸ್ತೀರಿ?”

“ಅದು... ಮೇಡಂ... ಮೊದ್ಲು...”

ಮಾತು ಅಲ್ಲಿಗೇ ನಿಂತಿತು. ಮೇಡಂ ಪಕ್ಕದವರ ಮುಖ ನೋಡಿದರು. ಗೇಟಿನಿಂದ ಅವಳು ದಡಕ್ಕೆ ಓಡಿಬಂದಳು. ಯೋಚಿಸುವ ಮೊದಲೇ ಬಾಯಿಂದ ಮಾತು ಬಂದಿತ್ತು.

“ಮೇಡಂ, ನಾನಿದೀನಿ! ನನಗೆ ಈಜು ಬರಲ್ಲ. ನೀರಂದ್ರೆ ಪ್ರಾಣ ಹೋಗೋವಷ್ಟು ಭಯ. ನನಗೇ ಕಲಿಸ್ಲಿ, ನೀವೇ ನೋಡಿ.”

ಎಲ್ಲರೂ ತಿರುಗಿದರು. ಮೇಷ್ಟ್ರ ಬಾಯಿ ತೆರೆದೇ ಇತ್ತು.

“ನೀವು ಇವರಿಗೆ ಏನಾಗ್ಬೇಕು?” ಎಂದರು ಮೇಡಂ.

“ಇನ್ನೂ ಏನೂ ಆಗಿಲ್ಲ, ಮೇಡಂ,” ಎಂದುಬಿಟ್ಟಳು ಸುಳ್ಳು ಹೇಳಲು ಬಾರದವಳು.

ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. ಕ್ಲಬ್ಬಿನ ಈಜುಡುಗೆ ತರಿಸಿಕೊಟ್ಟರು.

ನೀರಿನ ಮೊದಲ ಮೆಟ್ಟಿಲಿಗೇ ಅವಳ ಹಲ್ಲು ಕಟಕಟ ಎಂದವು. ಆದರೆ ನೀರಿಗಿಳಿದ ಮೇಷ್ಟ್ರು ಬೇರೆಯೇ ಮನುಷ್ಯನಾಗಿದ್ದ. ಬೆನ್ನು ನೆಟ್ಟಗಾಗಿತ್ತು, ದನಿ ತಿಳಿಯಾಗಿತ್ತು.

“ನನ್ನನ್ನೇ ನೋಡಿ. ನೀರಿನ ಜೊತೆ ಜಗಳ ಬೇಡ. ಉಸಿರು ಬಿಡಿ... ಹಾಂ, ಇನ್ನೊಂದ್ಸಲ. ಈಗ ತಲೆ ಹಿಂದಕ್ಕೆ ಹಾಕಿ, ದಿಂಬಿನ ಮೇಲೆ ಇಟ್ಟ ಹಾಗೆ. ನನ್ನ ಕೈ ಬೆನ್ನ ಕೆಳಗಿದೆ, ಗೊತ್ತಾಗ್ತಿದ್ಯಾ?”

ಗೊತ್ತಾಗುತ್ತಿತ್ತು. ಅದೊಂದೇ ಗೊತ್ತಾಗುತ್ತಿತ್ತು. ಕಿವಿಯೊಳಗೆ ನೀರು ಗುಳುಗುಳು ಎಂದಿತು, ಕಾಲು ತಾನಾಗಿ ಮೇಲೆದ್ದಿತು. ಮುಖದ ಮೇಲೆ ಬರೀ ಆಕಾಶ. ದಡದಲ್ಲಿ ಯಾರಿದ್ದಾರೆ, ಸೋಮವಾರ ಏನಿದೆ, ಒಂದೂ ನೆನಪಾಗಲಿಲ್ಲ.

“ಕೆಲಸ ಸಿಕ್ತು ನನಗೆ,” ಎಂದಳು ಕಣ್ಣು ಮುಚ್ಚಿ, ಮೆಲ್ಲಗೆ.

“ನಿಮ್ಮ ಮುಖದಲ್ಲೇ ಗೊತ್ತಾಯ್ತು.” ಅವನ ದನಿ ಸ್ವಲ್ಪ ದೂರದಿಂದ ಬಂತು. “ಅಂದ ಹಾಗೆ, ನಾನು ಕೈ ತೆಗೆದು ಆಗ್ಲೇ ಎಷ್ಟೋ ಹೊತ್ತಾಯ್ತು.”

ಅವಳು ಕಣ್ಣು ಬಿಟ್ಟಳು, ಕಿರುಚಿದಳು, ಮುಳುಗಿದಳು. ಎದ್ದಾಗ ಅವನ ಎರಡೂ ಭುಜ ಅವಳ ಮುಷ್ಟಿಯಲ್ಲಿದ್ದವು.

“ಇನ್ನೊಂದ್ಸಲ ಕೈ ಬಿಟ್ರೆ ನೋಡು ನೀನು!”

ಅವನು ನೀರು ತೊಟ್ಟಿಕ್ಕುವ ಅವಳ ರೆಪ್ಪೆಗಳನ್ನೇ ನೋಡಿದ. ‘ನೀನು’ ಎಂಬುದು ಇಬ್ಬರ ನಡುವೆ ತೇಲುತ್ತ ನಿಂತಿತ್ತು.

“ಬಿಡಲ್ಲ,” ಎಂದ ಅವನು, ಒಂದು ಕಡೆಯೂ ತಡವರಿಸದೆ. “ನೀನು ಅವತ್ತು ಬೈದಾಗಿಂದ ನನಗೆ ಬೇರೇನೂ ಬೇಡ ಅನ್ನಿಸ್ಬಿಟ್ಟಿದೆ. ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಅಲ್ಲೀವರ್ಗೂ ತಡ್ಕೊಳ್ಳೋಕೆ ಆಗ್ತಿಲ್ಲ.”

“ನಂಗೂ ಅಷ್ಟೇ,” ಎಂದಳು ಅವಳು. ಹೇಳಿಬಿಟ್ಟ ಮೇಲೆ ಮೈ ಮತ್ತೊಮ್ಮೆ ಹಗುರಾಗಿ ತೇಲಿದಂತಾಯಿತು.

ದಡದಲ್ಲಿ ಯಾರೋ ಕೆಮ್ಮಿದರು.

“ಮೇಷ್ಟ್ರೇ,” ಉಸ್ತುವಾರಿ ಮೇಡಂ ಎದ್ದು ನಿಂತಿದ್ದರು, “ಪಾಠ ನಮಗೆ ಹಿಡಿಸ್ತು. ಕೆಲಸ ನಿಮ್ದೇ. ಆದ್ರೆ ಬಾಕಿಯವರಿಗೆ ಬರೀ ಈಜು ಕಲಿಸಿ, ಸಾಕು!”

ಸಂಜೆ ಒದ್ದೆ ತಲೆಯ ಇಬ್ಬರೂ ಕೈ ಕೈ ಹಿಡಿದು ಅಕ್ಕನ ಮನೆಗೆ ನಡೆದರು. ತಿರುವಿನಲ್ಲಿ ಅವನು ಅಂಗಿ ಸರಿಮಾಡಿಕೊಂಡು, “ಏನಂತ ಹೇಳ್ತೀಯ?” ಎಂದ. “ನೋಡ್ತಾ ಇರು,” ಎಂದಳು.

ಬಾಗಿಲು ತೆರೆದ ಅಕ್ಕ ತಂಗಿಯ ಒದ್ದೆ ಕೂದಲನ್ನು ನೋಡಿದಳು. ಹೊಳೆಯುವ ಮುಖವನ್ನು ನೋಡಿದಳು.

“ಏನೇ ಪುಟ್ಟಿ, ಫೋನಾದ್ರೂ ಮಾಡ್ಬಾರ್ದಾ? ಕೆಲಸ ಸಿಕ್ತಾ?”

“ಸಿಕ್ತಕ್ಕಾ!”

ಅಕ್ಕ ಅವಳನ್ನು ಅಪ್ಪಿಕೊಂಡು ಗಿರ್ರನೆ ತಿರುಗಿಸಿದಳು. ಆಗಲೇ ಅವಳ ಕಣ್ಣಿಗೆ ಬಿದ್ದದ್ದು, ಹೊಸ್ತಿಲಾಚೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದ ಅಗಲ ಭುಜದ ಹುಡುಗ.

“ಇವರು?”

“ಇವರೂ ಸಿಕ್ಕಿದ್ರು,” ಎಂದಳು ಪುಟ್ಟಿ.

ಒಳಗಿನಿಂದ ಭಾವ ಗೊಳ್ಳೆಂದು ನಕ್ಕ ಸದ್ದು ಕೇಳಿಸಿತು. “ಹೊರಗ್ಯಾಕೆ ನಿಲ್ಲಿಸಿದೀರ ಅವರನ್ನ? ಬನ್ನಿ, ಬನ್ನಿ ಒಳಗೆ!”