ಲೆನ್ಸಿನ ಅಂಚಿನ ಗೀರು

"ಈ ಫಿಲ್ಟರ್ ತೆಗೆದುಕೊಡ್ತೀರಾ?"

ಅವನ ದನಿ ಮೆತ್ತಗೇ ಇತ್ತು. ಆದರೂ ಅವಳು ಬೆಚ್ಚಿ ಅಂಗಡಿಯ ಬಾಗಿಲ ಕಡೆ ನೋಡಿದಳು.

ನಾಟಕಗಳ ಫೋಟೋ ತೆಗೆಯುವ ಅವನು ನಾಲ್ಕು ತಿಂಗಳಿಂದ ವಾರವಾರ ಅಂಗಡಿಗೆ ಬಂದು ಕ್ಯಾಮೆರಾ ಲೆನ್ಸ್ ಬಾಡಿಗೆಗೆ ಒಯ್ಯುತ್ತಿದ್ದ. ಬಂದಾಗಲೆಲ್ಲ ಒಂದು ನಗು, ಅಷ್ಟೇ. ಆ ನಗುವಿಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು.

ಅಂಗಡಿ ಅವಳ ಅಣ್ಣನದು. ಪ್ರತಿ ಲೆನ್ಸಿನ ಮುಂದೆ ಕಾವಲಿಗೊಂದು ಗಾಜಿನ ಫಿಲ್ಟರ್ ಇರಲೇಬೇಕು ಎಂಬುದು ಅಣ್ಣನ ಕಟ್ಟಪ್ಪಣೆ. ಒರೆಸಿ ಜೋಡಿಸುವ ಕೆಲಸ ಅವಳದು. ಅಣ್ಣ ಕೆಮ್ಮಿದರೂ ಬೆವರುವ ಈ ಹುಡುಗಿ ಫಿಲ್ಟರನ್ನು ಎಷ್ಟು ಬಿಗಿಯುತ್ತಿದ್ದಳೆಂದರೆ, ಅದರ ಮೇಲೆ ಹಳೇ ಸೇಡಿದೆಯೇನೋ ಅನ್ನಬೇಕು.

"ತೆಗೆದ್ರೆ ಅಣ್ಣ ಸುಮ್ನಿರಲ್ಲ..."

ಅವನು ಒಂದು ಫೋಟೋ ತೋರಿಸಿದ. ವೇದಿಕೆಯಲ್ಲಿದ್ದದ್ದು ಒಂದೇ ದೀಪ. ಫೋಟೋದಲ್ಲಿ ಎರಡು. ಎರಡನೆಯದು ನಟಿಯ ಕೆನ್ನೆಯ ಮೇಲೆ ಹಸಿರಾಗಿ ಕೂತಿತ್ತು.

"ದೀಪದ ಬೆಳಕು ಫಿಲ್ಟರಲ್ಲಿ ಪ್ರತಿಫಲಿಸಿ ಹೀಗಾಗುತ್ತೆ, ಈ ಗಾಜಿನ ಚೇಷ್ಟೆ. ಇವತ್ತೊಂದಿನ ಸಾಕು. ಜೋಪಾನವಾಗಿ ತಂದ್ಕೊಡ್ತೀನಿ."

ಅಣ್ಣ ಹೊರಗೆ ಹೋಗಿದ್ದ. ಅವಳು ಲೆನ್ಸ್ ಹಿಡಿದು ಒಳಕೋಣೆಗೆ ಹೋದಳು. ಫಿಲ್ಟರ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇಕ್ಕಳ ಹಾಕಿ ತಿರುಗಿಸಿದಳು. ಚಟ್ಟೆಂದು ಗಾಜು ಒಡೆದು ಫಿಲ್ಟರ್ ಕಳಚಿಕೊಂಡಿತು. ಒಂದು ಚೂರು ಜಾರಿ ಲೆನ್ಸಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಎಳೆಯಿತು.

ಹೇಳಿಬಿಡಲೇ? ಹೇಳಿದರೆ ಅಣ್ಣನಿಗೂ ಗೊತ್ತಾಗುತ್ತದೆ... ಚೂರುಗಳನ್ನು ಬಳಿದು, ಲೆನ್ಸಿಗೆ ಮುಚ್ಚಳ ಹಾಕಿ ಅವನ ಕೈಗಿಟ್ಟಳು. ಅವನು ನಕ್ಕು ಥ್ಯಾಂಕ್ಸ್ ಹೇಳಿದ. ಅವಳಿಗೆ ತಲೆಯೆತ್ತಲಾಗಲಿಲ್ಲ.

ಮರುದಿನ ಅವನು ಲೆನ್ಸ್ ವಾಪಸ್ ತಂದಾಗ ಅಂಗಡಿಯಲ್ಲಿ ಅಣ್ಣನೇ ಕೂತಿದ್ದ. ಮುಚ್ಚಳ ತೆಗೆದು ಬೆಳಕಿಗೆ ಹಿಡಿದ.

"ಫಿಲ್ಟರ್ ಎಲ್ಲಿ? ಇದೇನು ಗೀರು?"

ಫೋಟೋ ತೆಗೆಯುವವನು ಒಮ್ಮೆ ಅವಳತ್ತ ನೋಡಿದ. ಅವನಿಗೆ ಗೊತ್ತಾಗಿದೆ... ಈಗ ಹೇಳ್ತಾನೆ... ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಫಿಲ್ಟರ್ ನಾನೇ ತೆಗೆದೆ. ಗೀರೂ ನನ್ನಿಂದಲೇ ಆಯ್ತು."

"ಇನ್ಮೇಲೆ ಈ ಅಂಗಡಿ ಮೆಟ್ಟಿಲು ಹತ್ತಬೇಡ."

ಅವನು ತಲೆ ತಗ್ಗಿಸಿ ಇಳಿದುಹೋದ.

ಬದುಕಿದೆಯಾ ಬಡಜೀವವೇ ಎಂದು ಅವಳು ಉಸಿರುಬಿಡಬೇಕಿತ್ತು. ಉಸಿರೇ ಬರಲಿಲ್ಲ. ಮುಂದಿನ ವಾರ ಅವನು ಬರುವುದಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆ ಭಯದ ಮುಂದೆ ಅಣ್ಣನ ಭಯ ಏನೂ ಅಲ್ಲವೆನಿಸಿತು.

"ಅಣ್ಣಾ... ಅದು ನಾನು. ಇಕ್ಕಳ ಹಾಕಿದ್ದು ನಾನು. ಗೀರಿದ್ದೂ ನಾನೇ."

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು. ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?"

"ನಿನ್ನೆ ಲೆನ್ಸ್ ಕೊಡುವಾಗ ನೀವು ತಲೆನೇ ಎತ್ತಲಿಲ್ಲ. ಆಮೇಲೆ ಮುಚ್ಚಳ ತೆಗೆದಾಗ ಯಾಕೆ ಅಂತ ಗೊತ್ತಾಯ್ತು. ನನ್ನಿಂದ ನೀವು ಅಣ್ಣನ ಹತ್ರ ಬೈಸ್ಕೊಳ್ಳೋದು ಬೇಡ ಅನ್ನಿಸ್ತು."

"ಅಣ್ಣಂಗೆ ನಿಜ ಹೇಳ್ಬಿಟ್ಟೆ."

ಅವನು ಗಾಬರಿಯಾದ. "ತುಂಬಾ ಬೈದ್ರಾ?"

"ಕೇಳೋಕೆ ನಿಲ್ಲಲಿಲ್ಲ. ನೀವು ಮತ್ತೆ ಬರಲ್ಲ ಅನ್ನೋದೇ ದೊಡ್ಡ ಭಯ ಆಗೋಯ್ತು. ನೀವಂದ್ರೆ ನಂಗಿಷ್ಟ..."

ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ. ಅವಳ ಕೈಯನ್ನು ಹಿಡಿದುಕೊಂಡ.

"ನಡೀರಿ, ಅಂಗಡಿಗೆ ಹೋಗೋಣ. ಬೈಗುಳ ಇಬ್ಬರೂ ಹಂಚ್ಕೊಳ್ಳೋಣ."

"ಮೆಟ್ಟಿಲು ಹತ್ತಬೇಡ ಅಂದಿದ್ದಾನಲ್ಲ?"

"ಕೆಳಗೇ ನಿಂತ್ಕೋತೀನಿ. ನೀವು ಕೈ ಮಾತ್ರ ಬಿಡಬೇಡಿ."